ರಸ್ತೆಗೂ ಟ್ರ್ಯಾಕಿಗೂ ಒಂದೇ ಟೈರು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನನ್ನದು ಹಿಂಚಕ್ರ ಚಾಲನೆಯ, ಎರಡು ಆಸನಗಳ ಸ್ಪೋರ್ಟ್ಸ್ ಕಾರು. ವಾರವಿಡೀ ಕಚೇರಿಗೆ ಅದರಲ್ಲೇ ಹೋಗಿಬರುತ್ತೇನೆ. ವರ್ಷಕ್ಕೆ ನಾಲ್ಕೈದು ಬಾರಿ ಟ್ರ್ಯಾಕ್ ಡೇಗೂ (ಸ್ವಂತ ಕಾರನ್ನು ರೇಸ್ ಟ್ರ್ಯಾಕಿನಲ್ಲಿ ಓಡಿಸುವ ದಿನ) ಅದನ್ನೇ ಒಯ್ಯುತ್ತೇನೆ. ಕಾರಿನೊಂದಿಗೆ ಬಂದ 245/40 ಆರ್ 18 ಅಳತೆಯ ಟೈರುಗಳು ಈಗ ಸವೆದಿವೆ. ಸೆಮಿ-ಸ್ಲಿಕ್ ಹಾಕಿಸಿದರೆ ಕಾರು ಬೇರೆಯದೇ ಆಗಿಬಿಡುತ್ತದೆ ಎಂದು ಸ್ನೇಹಿತರು ಹೇಳುತ್ತಾರೆ. ಒಳ್ಳೆಯ ರಸ್ತೆ ಟೈರೇ ಸಾಕೆಂದು ಅಂಗಡಿಯವರು ಹೇಳುತ್ತಾರೆ. ಯಾರ ಮಾತು ಸರಿ?

ಉತ್ತರ: ಇಬ್ಬರ ಮಾತಿನಲ್ಲೂ ಸತ್ಯವಿದೆ, ಆದರೆ ಮೊದಲು ಕೇಳಬೇಕಾದ ಒಂದು ಪ್ರಶ್ನೆಯನ್ನು ಇಬ್ಬರೂ ಕೇಳಿದಂತೆ ಕಾಣುವುದಿಲ್ಲ. ಟ್ರ್ಯಾಕಿಗೆ ಹೋಗುವಾಗಲೂ ಅಲ್ಲಿಂದ ಮನೆಗೆ ಮರಳುವಾಗಲೂ ಕಾರಿನ ಕೆಳಗೆ ಇರುವುದು ಅದೇ ನಾಲ್ಕು ಟೈರುಗಳೇ? ನಿಮ್ಮ ಪತ್ರದಲ್ಲಿ ಎರಡನೆಯ ಸೆಟ್ ಚಕ್ರಗಳ ಪ್ರಸ್ತಾಪವಿಲ್ಲದಿರುವುದರಿಂದ ಹೌದೆಂದೇ ಭಾವಿಸುತ್ತೇನೆ. ಹಾಗಿದ್ದರೆ, ದಿನವಿಡೀ ಟ್ರ್ಯಾಕಿನಲ್ಲಿ ಸವೆದ ಅದೇ ಟೈರುಗಳ ಮೇಲೆ, ಮೈಯೆಲ್ಲ ದಣಿದಿರುವ ಹೊತ್ತಿನಲ್ಲಿ, ನೀರು ನಿಂತ ಹೆದ್ದಾರಿಯಲ್ಲಿ ಲಾರಿಗಳ ನಡುವೆ ನೀವು ಮನೆ ಸೇರಬೇಕಾದ ಸಂಜೆಯೊಂದು ಬಂದೇ ಬರುತ್ತದೆ. ಟೈರು ಆರಿಸುವಾಗ ಮೊದಲು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದದ್ದು ಆ ಪ್ರಯಾಣವನ್ನು. ಒಂದು ಸುತ್ತಿನಲ್ಲಿ ಉಳಿಯುವ ಒಂದೆರಡು ಸೆಕೆಂಡುಗಳ ವಿಚಾರ ಆಮೇಲಿನದು.

ಮಾರುಕಟ್ಟೆಯಲ್ಲಿ ಸಿಗುವ ಟೈರುಗಳನ್ನು ನಿಮ್ಮ ಅಗತ್ಯದ ಮಟ್ಟಿಗೆ ಮೂರು ಗುಂಪುಗಳಾಗಿ ನೋಡಬಹುದು. ಮೊದಲನೆಯದು ರಸ್ತೆಗೆಂದೇ ಮಾಡಿದ, ಹೆಚ್ಚಿನ ಸಾಮರ್ಥ್ಯದ ಬೇಸಿಗೆ ಟೈರು; ಮಿಶೆಲಿನ್ ಪೈಲಟ್ ಸ್ಪೋರ್ಟ್ 4ಎಸ್, ಕಾಂಟಿನೆಂಟಲ್ ಎಕ್ಸ್‌ಟ್ರೀಮ್‌ಕಾಂಟ್ಯಾಕ್ಟ್ ಸ್ಪೋರ್ಟ್ 02 ಈ ಗುಂಪಿನವು. ಎರಡನೆಯದು ಟ್ರ್ಯಾಕ್ ಪ್ರಿಯರು ‘200ರ ಟೈರು’ ಎಂದು ಕರೆಯುವ ಗುಂಪು. ಬ್ರಿಜ್‌ಸ್ಟೋನ್ ಪೊಟೆಂಜಾ ಆರ್‌ಇ-71ಆರ್‌ಎಸ್, ಯೊಕೊಹಾಮಾ ಅಡ್ವಾನ್ ಎ052, ಹ್ಯಾಂಕುಕ್ ವೆಂಟಸ್ ಆರ್‌ಎಸ್4, ಫಾಲ್ಕನ್ ಅಜೆನಿಸ್ ಆರ್‌ಟಿ660 ಇದರಲ್ಲಿ ಬರುತ್ತವೆ. ಮೂರನೆಯದು ನಿಮ್ಮ ಸ್ನೇಹಿತರು ಹೇಳುವ ಸೆಮಿ-ಸ್ಲಿಕ್, ಅಂದರೆ ರಸ್ತೆಯಲ್ಲಿ ಓಡಿಸಲು ಅನುಮತಿ ಇರುವಷ್ಟು ಮಾತ್ರ ತೋಡುಗಳನ್ನು ಉಳಿಸಿಕೊಂಡ ಟ್ರ್ಯಾಕ್ ಟೈರು. ಟೊಯೊ ಪ್ರಾಕ್ಸಿಸ್ ಆರ್888ಆರ್ ಮತ್ತು ಮಿಶೆಲಿನ್ ಪೈಲಟ್ ಸ್ಪೋರ್ಟ್ ಕಪ್ 2 ಇದಕ್ಕೆ ಉದಾಹರಣೆಗಳು. ತೋಡುಗಳೇ ಇಲ್ಲದ ಪೂರ್ಣ ಸ್ಲಿಕ್ ರಸ್ತೆಗೆ ಇಳಿಯುವಂತಿಲ್ಲವಾದ್ದರಿಂದ ಅದನ್ನು ಇಲ್ಲಿಗೇ ಬಿಡೋಣ.

ಆ 200 ಎಂಬ ಸಂಖ್ಯೆಯ ಬಗ್ಗೆ ತಪ್ಪು ತಿಳಿವಳಿಕೆ ಬಹಳ ಇರುವುದರಿಂದ ಸ್ವಲ್ಪ ನಿಂತು ಹೇಳಬೇಕು. ಟೈರಿನ ಪಕ್ಕದ ಗೋಡೆಯ ಮೇಲೆ ‘ಟ್ರೆಡ್‌ವೇರ್’ ಎಂದು ಅಚ್ಚಾಗಿರುವ ಈ ಅಂಕಿ ಅಮೆರಿಕದ ಯುಟಿಕ್ಯೂಜಿ ಎಂಬ ಸರ್ಕಾರಿ ವರ್ಗೀಕರಣದ್ದು. 100 ಎಂಬ ಅಂಕಿಯ ಮಾದರಿ ಟೈರಿಗೆ ಹೋಲಿಸಿದರೆ ಈ ಟೈರು ಎಷ್ಟು ಕಾಲ ಬಾಳುತ್ತದೆ ಎಂಬುದನ್ನು ಅದು ಸೂಚಿಸುತ್ತದೆ. ಟೆಕ್ಸಾಸಿನ ನಿಗದಿತ ರಸ್ತೆಯಲ್ಲಿ 7,200 ಮೈಲಿ ಓಡಿಸಿ ಅಳೆಯುವ ಕ್ರಮವಿದ್ದರೂ, ಅಂತಿಮವಾಗಿ ಅಂಕಿಯನ್ನು ಘೋಷಿಸುವವರು ತಯಾರಕರೇ. ಎಲ್ಲಕ್ಕಿಂತ ಮುಖ್ಯವಾಗಿ, ಅದು ಸವೆತದ ಅಂಕಿಯೇ ಹೊರತು ಹಿಡಿತದ ಅಂಕಿಯಲ್ಲ. ಹವ್ಯಾಸಿ ಸ್ಪರ್ಧೆಗಳು ‘200ಕ್ಕಿಂತ ಕಡಿಮೆ ಇರಬಾರದು’ ಎಂಬ ನಿಯಮ ಮಾಡಿದ ಮೇಲೆ ತಯಾರಕರೂ ತಮ್ಮ ಅತಿ ಮೃದುವಾದ ಟೈರಿನ ಮೇಲೆ ಸರಿಯಾಗಿ 200 ಎಂದೇ ಅಚ್ಚೊತ್ತತೊಡಗಿದರು. ಹೀಗಾಗಿ ಎ052 ಮತ್ತು ಆರ್‌ಎಸ್4 ಎರಡರ ಮೇಲೂ 200 ಎಂದೇ ಇದ್ದರೂ, ಮೊದಲನೆಯದು ಒಂದೆರಡು ಸುತ್ತುಗಳಲ್ಲಿ ಅಪಾರ ಹಿಡಿತ ತೋರಿಸಿ ಬೇಗ ಕಾದು ಬೇಗ ಸವೆಯುತ್ತದೆ; ಎರಡನೆಯದು ಅಷ್ಟು ಚುರುಕಲ್ಲದಿದ್ದರೂ ದಿನವಿಡೀ ಒಂದೇ ಸಮನೆ ದುಡಿಯುತ್ತದೆ. ಹೋಲಿಕೆಗೆ ಹೇಳುವುದಾದರೆ ಪೈಲಟ್ ಸ್ಪೋರ್ಟ್ 4ಎಸ್‌ನ ಅಂಕಿ 300, ಆರ್888ಆರ್‌ನದು 100.

ಇನ್ನು ಹಿಡಿತದ ಮಾತು. ರಬ್ಬರು ರಸ್ತೆಯನ್ನು ಹಿಡಿಯುವುದು ಎರಡು ಬಗೆಯಲ್ಲಿ: ಮೇಲ್ಮೈಗೆ ಅಂಟಿಕೊಂಡು ಒಂದು, ಡಾಂಬರಿನಲ್ಲಿರುವ ಜಲ್ಲಿಯ ಉಬ್ಬುತಗ್ಗುಗಳೊಳಕ್ಕೆ ಒತ್ತಿಕೊಂಡು ಇನ್ನೊಂದು. ಎರಡಕ್ಕೂ ರಬ್ಬರು ತಕ್ಕಷ್ಟು ಮೃದುವಾಗಿರಬೇಕು, ಆ ಮೃದುತ್ವ ಉಷ್ಣತೆಯನ್ನು ಅವಲಂಬಿಸಿರುತ್ತದೆ. ರಸ್ತೆ ಟೈರಿನ ಮಿಶ್ರಣವನ್ನು ತಣ್ಣಗಿರುವಾಗಲೇ ಕೆಲಸ ಆರಂಭಿಸುವಂತೆ ಹದಗೊಳಿಸಿರುತ್ತಾರೆ. ಸೆಮಿ-ಸ್ಲಿಕ್‌ನ ಮಿಶ್ರಣವಾದರೋ ಟ್ರ್ಯಾಕಿನ ಬಿಸಿಗೆ ಹದವಾದದ್ದು. ಒಂದೆರಡು ಸುತ್ತು ಜೋರಾಗಿ ಓಡಿಸಿದ ಮೇಲೆಯೇ ಅದರ ನಿಜವಾದ ಗುಣ ಹೊರಬರುತ್ತದೆ. ಕಚೇರಿಯ ದಾರಿಯಲ್ಲಿ, ಸಿಗ್ನಲ್‌ಗಳ ನಡುವೆ, ಅಷ್ಟು ಬಿಸಿ ಎಂದೂ ಹುಟ್ಟುವುದಿಲ್ಲ. ಅಂದರೆ ವರ್ಷದ ಬಹುಪಾಲು ದಿನಗಳಲ್ಲಿ ನೀವು ಹಣ ಕೊಟ್ಟು ಕೊಂಡ ಹಿಡಿತವನ್ನು ಬಳಸದೆಯೇ ಅದರ ಗದ್ದಲವನ್ನೂ ಬೇಗನೆ ಆಗುವ ಸವೆತವನ್ನೂ ಅನುಭವಿಸುತ್ತೀರಿ. ಚಳಿ ಹೆಚ್ಚಿರುವ ಕಡೆ ಇನ್ನೊಂದು ಎಚ್ಚರಿಕೆಯೂ ಬೇಕು: ಬೇಸಿಗೆ ಟೈರುಗಳ ಹಿಡಿತ ಸುಮಾರು 7 ಡಿಗ್ರಿ ಸೆಲ್ಸಿಯಸ್‌ನ ಕೆಳಗೆ ಕುಗ್ಗುತ್ತದೆ, ಮತ್ತು ಟ್ರ್ಯಾಕಿಗೆ ಹದವಾದ ಮಿಶ್ರಣಗಳು ನೀರು ಹೆಪ್ಪುಗಟ್ಟುವಷ್ಟು ಚಳಿಯಲ್ಲಿ ಬಾಗಿದರೆ ಬಿರುಕು ಬಿಡುವ ಸಂಭವವೂ ಇದೆ.

ನೀರಿನ ವಿಷಯದಲ್ಲಿ ವ್ಯತ್ಯಾಸ ಮತ್ತಷ್ಟು ಸ್ಪಷ್ಟವಾಗಿದೆ. ಸೆಮಿ-ಸ್ಲಿಕ್‌ನಲ್ಲಿ ತೋಡುಗಳು ಕಡಿಮೆ, ಹೊಸದಿರುವಾಗಲೂ ಅವುಗಳ ಆಳ ರಸ್ತೆ ಟೈರಿನಷ್ಟಿರುವುದಿಲ್ಲ. ಒಂದು ಟ್ರ್ಯಾಕ್ ದಿನದ ಬಳಿಕ ಇನ್ನೂ ತೆಳುವಾಗಿರುತ್ತದೆ. ಯುರೋಪಿನಲ್ಲಿ ಕಾನೂನು ಒಪ್ಪುವ ಕನಿಷ್ಠ ಆಳ 1.6 ಮಿಲಿಮೀಟರ್ ಎಂಬುದು ನಿಜವೇ. ಆದರೆ ಆ ಆಳದ ಅಗಲ ಟೈರು ನೀರು ನಿಂತ ರಸ್ತೆಯಲ್ಲಿ ತೇಲಲು ಹೆಚ್ಚು ವೇಗ ಬೇಕಾಗುವುದಿಲ್ಲ, ತೇಲಿದ ಕಾರಿಗೆ ಸ್ಟೀರಿಂಗ್ ಆಗಲಿ ಬ್ರೇಕ್ ಆಗಲಿ ಕೇಳಿಸುವುದಿಲ್ಲ. ಮೂರು ಮಿಲಿಮೀಟರ್ ಉಳಿದಿರುವಾಗಲೇ ಮಳೆಗಾಲದ ಬಳಕೆಗೆ ಆ ಟೈರು ಮುಗಿಯಿತೆಂದು ತಿಳಿಯುವುದು ಒಳ್ಳೆಯದು.

ಹಾಗೆಂದು ರಸ್ತೆ ಟೈರು ಟ್ರ್ಯಾಕಿನಲ್ಲಿ ದೋಷರಹಿತವೇನೂ ಅಲ್ಲ. ಅದರ ಟ್ರೆಡ್ಡಿನ, ಅಂದರೆ ನೆಲಕ್ಕೆ ತಾಗುವ ಮೇಲ್ಪದರದ, ಎತ್ತರದ ಗಟ್ಟಿಗಳು ತಿರುವಿನ ಭಾರಕ್ಕೆ ಅತ್ತಿತ್ತ ಬಾಗಿ, ಆ ಬಾಗುವಿಕೆಯಿಂದಲೇ ಒಳಗೆ ಬಿಸಿ ಹೆಚ್ಚಿ, ನಾಲ್ಕೈದು ಜೋರಾದ ಸುತ್ತುಗಳ ಬಳಿಕ ಮೇಲ್ಮೈ ಜಿಡ್ಡುಗಟ್ಟಿದಂತಾಗಿ ಜಾರತೊಡಗುತ್ತದೆ. ಇದನ್ನು ಲೆಕ್ಕಿಸದೆ ಮುಂದುವರಿಸಿದರೆ ಭುಜದ (ಟ್ರೆಡ್ ಮತ್ತು ಪಕ್ಕದ ಗೋಡೆ ಸೇರುವ ಭಾಗ) ಅಂಚಿನಿಂದ ರಬ್ಬರಿನ ತುಣುಕುಗಳೇ ಕಿತ್ತುಬರಬಹುದು. ಕೆಲವು ಸುತ್ತು ಜೋರಾಗಿ, ಮತ್ತೊಂದು ಸುತ್ತು ನಿಧಾನವಾಗಿ ಓಡಿಸಿ ತಣಿಸುವ ಶಿಸ್ತಿದ್ದರೆ ಈ ತೊಂದರೆ ಬಹುಪಾಲು ಹತೋಟಿಗೆ ಬರುತ್ತದೆ. ಇದರ ಜೊತೆಗೆ ರಸ್ತೆ ಟೈರಿಗೆ ಒಂದು ದೊಡ್ಡ ಗುಣವಿದೆ, ಕಲಿಯುವವರಿಗೆ ಅದರ ಬೆಲೆ ಬಹಳ: ಅದು ಮಿತಿ ಸಮೀಪಿಸುವ ಮುಂಚೆಯೇ ಕಿರುಗುಟ್ಟುತ್ತದೆ, ಹಿಡಿತ ಬಿಡುವಾಗಲೂ ಮೆಲ್ಲನೆ ಬಿಡುತ್ತದೆ. ಸೆಮಿ-ಸ್ಲಿಕ್ ಮಿತಿಯ ತನಕ ಹೆಚ್ಚು ಸದ್ದಿಲ್ಲದೆ ಹಿಡಿದುಕೊಂಡಿದ್ದು, ಬಿಡುವಾಗ ಥಟ್ಟನೆ ಬಿಡುತ್ತದೆ. ಆ ಹೊತ್ತಿಗೆ ಕಾರಿನ ವೇಗವೂ ಹೆಚ್ಚಾಗಿರುತ್ತದೆ.

ಆದ್ದರಿಂದ, ಒಂದೇ ಸೆಟ್ ಎಂದಾದರೆ, ಮಳೆಯಲ್ಲೂ ಓಡಿಸಬೇಕಾದ ನಿಮ್ಮ ಕಾರಿಗೆ ನಾನು ಸೂಚಿಸುವುದು ಮೊದಲ ಗುಂಪಿನ ಟೈರನ್ನೇ. ಅಂಗಡಿಯವರು ಹೇಳಿದ್ದು ಸರಿ, ಅವರ ಕಾರಣಗಳು ಬೇರೆಯೇ ಇದ್ದಿರಬಹುದು. ಒಣ ಹವೆಯಲ್ಲಿ ಮಾತ್ರ ಕಾರು ಹೊರತೆಗೆಯುವವರಾಗಿದ್ದರೆ ಎರಡನೆಯ ಗುಂಪಿನ ಬಾಳಿಕೆಯ ಟೈರು, ಉದಾಹರಣೆಗೆ ಆರ್‌ಎಸ್4, ಒಪ್ಪುವ ಆಯ್ಕೆಯಾಗುತ್ತಿತ್ತು. ಮುಂದೆ ಟ್ರ್ಯಾಕ್ ದಿನಗಳು ಹೆಚ್ಚಾದರೆ ನಡುವಿನ ಟೈರಿಗಾಗಿ ಹುಡುಕಾಡುವ ಬದಲು ಎರಡನೆಯ ಸೆಟ್ ರಿಮ್ ಕೊಂಡು, ಅದಕ್ಕೆ ಟ್ರ್ಯಾಕ್ ಟೈರು ಹಾಕಿಸಿ, ರಸ್ತೆಯ ಸೆಟ್ಟನ್ನು ರಸ್ತೆಗೇ ಮೀಸಲಿಡಿ. ಮೊದಲಿಗೆ ದುಬಾರಿ ಎನಿಸಿದರೂ ಎರಡೂ ಸೆಟ್‌ಗಳು ತಮಗೆ ತಕ್ಕ ಕೆಲಸದಲ್ಲೇ ಸವೆಯುತ್ತವೆ. ಚಕ್ರ ಬದಲಿಸಿದಾಗ ಟಾರ್ಕ್ ರೆಂಚ್‌ನಿಂದ ನಟ್ಟುಗಳನ್ನು ಬಿಗಿದು, ಮೊದಲ ಸುತ್ತುಗಳ ಬಳಿಕ ಮತ್ತೆ ಪರೀಕ್ಷಿಸುವುದನ್ನು ಮರೆಯಬಾರದು.

ಸ್ನೇಹಿತರ ಸಲಹೆಯಂತೆಯೇ ನಡೆಯುವುದಾದರೆ ಇನ್ನೊಂದು ಲೆಕ್ಕವನ್ನೂ ಸೇರಿಸಿಕೊಳ್ಳಿ. ಹಿಡಿತ ಹೆಚ್ಚಿದಷ್ಟೂ ತಿರುವಿನ ವೇಗ ಹೆಚ್ಚುತ್ತದೆ, ಬ್ರೇಕಿನ ಮೇಲಿನ ಹೊರೆಯೂ ಹೆಚ್ಚುತ್ತದೆ. ತೇವಾಂಶ ಹೀರಿದ ಹಳೆಯ ಬ್ರೇಕ್ ದ್ರವ ಕುದಿದು ಪೆಡಲ್ ಮೆತ್ತಗಾಗುವುದು, ಉದ್ದನೆಯ ತಿರುವುಗಳಲ್ಲಿ ಎಂಜಿನ್ ಆಯಿಲ್ ಒಂದು ಬದಿಗೆ ಸರಿದು ಪಂಪಿಗೆ ಸಿಗದಿರುವುದು, ಚಕ್ರದ ಬೇರಿಂಗ್ ಬೇಗ ಸವೆಯುವುದು ಇವೆಲ್ಲವೂ ಟೈರಿನ ಹಿಂದೆಯೇ ಬರುವ ಖರ್ಚುಗಳು.

ಪ್ರಶ್ನೆ: ನನ್ನ ಕಾರಿಗೆ 225/45 ಆರ್ 17 ಟೈರುಗಳಿವೆ, ರಿಮ್ ಅಗಲ 7.5 ಇಂಚು. ಅದೇ ರಿಮ್ಮಿಗೆ 255/40 ಹಾಕಿಸಿದರೆ ಟ್ರ್ಯಾಕಿನಲ್ಲಿ ಲಾಭವಾಗುವುದೇ?

ಉತ್ತರ: ಅಳತೆಯ ಮೊದಲ ಸಂಖ್ಯೆ ಮಿಲಿಮೀಟರಿನಲ್ಲಿ ಟೈರಿನ ಅಗಲ, ಎರಡನೆಯದು ಆ ಅಗಲದ ಶೇಕಡಾವಾರಿನಲ್ಲಿ ಪಕ್ಕದ ಗೋಡೆಯ ಎತ್ತರ, ಕೊನೆಯದು ಇಂಚಿನಲ್ಲಿ ರಿಮ್ಮಿನ ವ್ಯಾಸ. ಎತ್ತರದ ಲೆಕ್ಕದಲ್ಲಿ ನಿಮ್ಮ ಆಯ್ಕೆ ತಪ್ಪಲ್ಲ. 225/45 ಆರ್ 17ರ ಒಟ್ಟು ವ್ಯಾಸ ಸುಮಾರು 634 ಮಿಲಿಮೀಟರ್, 255/40 ಆರ್ 17ರದು ಸುಮಾರು 636. ಸ್ಪೀಡೋಮೀಟರಿಗಾಗಲಿ ಎಬಿಎಸ್‌ಗಾಗಲಿ ಈ ವ್ಯತ್ಯಾಸ ತಿಳಿಯುವುದೇ ಇಲ್ಲ. ತೊಂದರೆ ಇರುವುದು ರಿಮ್ಮಿನಲ್ಲಿ. 255/40 ಟೈರಿಗೆ ಕನಿಷ್ಠ 8.5 ಇಂಚಿನ ರಿಮ್ ಬೇಕು. ಇಕ್ಕಟ್ಟಾದ ರಿಮ್ಮಿನ ಮೇಲೆ ಕೂತ ಅಗಲ ಟೈರಿನ ಪಕ್ಕದ ಗೋಡೆಗಳು ಒಳಕ್ಕೆ ಬಾಗಿ, ಟ್ರೆಡ್ ನಡುವೆ ಉಬ್ಬಿ, ಸ್ಟೀರಿಂಗ್ ತಿರುಗಿಸಿದ ಮೇಲೆ ಕಾರು ಸ್ಪಂದಿಸಲು ಹೆಚ್ಚು ಹೊತ್ತು ಹಿಡಿಯುತ್ತದೆ. ಹೀಗೆ ಅಗಲದಿಂದ ಬರಬೇಕಿದ್ದ ಲಾಭವೆಲ್ಲ ಅಲ್ಲೇ ಕರಗುತ್ತದೆ. ನೆಲಕ್ಕೆ ತಾಗುವ ಭಾಗದ ವಿಸ್ತೀರ್ಣವನ್ನು ಹೆಚ್ಚಾಗಿ ನಿರ್ಧರಿಸುವುದು ಕಾರಿನ ಭಾರ ಮತ್ತು ಗಾಳಿಯ ಒತ್ತಡ. ಅಗಲ ಟೈರಿನಲ್ಲಿ ಆ ಭಾಗದ ಆಕಾರ ಅಡ್ಡಕ್ಕೆ ಹಿಗ್ಗಿ ಉದ್ದಕ್ಕೆ ಕುಗ್ಗುತ್ತದೆ, ತಿರುವಿನಲ್ಲಿ ಅನುಕೂಲವಾಗುವುದು ಈ ಆಕಾರದಿಂದ. ರಿಮ್ ಬದಲಿಸುವ ಇರಾದೆ ಇಲ್ಲದಿದ್ದರೆ 225ರಲ್ಲೇ ಇದ್ದು ಉತ್ತಮ ಮಿಶ್ರಣದ ಟೈರು ಕೊಳ್ಳಿ.

ಅಳತೆ ಬದಲಿಸುವವರು ಭಾರದ ಸೂಚ್ಯಂಕವನ್ನೂ ನೋಡಬೇಕು. 93 ಎಂದರೆ ಒಂದು ಟೈರಿಗೆ 650 ಕಿಲೋ, 97 ಎಂದರೆ 730 ಕಿಲೋ. ವೇಗದ ಅಕ್ಷರಗಳಲ್ಲಿ ಡಬ್ಲ್ಯೂ ಎಂದರೆ ಗಂಟೆಗೆ 270, ವೈ ಎಂದರೆ 300 ಕಿಲೋಮೀಟರ್. ಕಾರಿನ ತಯಾರಕರು ಹೇಳಿದ್ದಕ್ಕಿಂತ ಕಡಿಮೆಯದನ್ನು ಹಾಕಿಸಬಾರದು.

ಪ್ರಶ್ನೆ: ಟ್ರ್ಯಾಕಿನಲ್ಲಿ ಗಾಳಿಯ ಒತ್ತಡ ಎಷ್ಟಿರಬೇಕು? ಬೆಳಿಗ್ಗೆ 30 ಪಿಎಸ್‌ಐ ಹಾಕಿಸಿ ಹೋದರೆ ಮಧ್ಯಾಹ್ನ 39 ತೋರಿಸುತ್ತದೆ. ಗೇಜ್ ಕೆಟ್ಟಿರಬಹುದೇ? ಗಾಳಿಯ ಬದಲು ನೈಟ್ರೋಜನ್ ತುಂಬಿಸಿದರೆ ಪ್ರಯೋಜನವಿದೆಯೇ?

ಉತ್ತರ: ಗೇಜ್ ಸರಿಯಾಗಿಯೇ ಇದೆ. ಟೈರಿನೊಳಗಿನ ಗಾಳಿ 20 ಡಿಗ್ರಿಯಿಂದ 80 ಡಿಗ್ರಿ ಸೆಲ್ಸಿಯಸ್‌ಗೆ ಏರಿದರೆ, ಹೊರಗಿನ ವಾತಾವರಣದ ಒತ್ತಡವನ್ನೂ ಸೇರಿಸಿ ಲೆಕ್ಕ ಹಾಕಿದಾಗ, 30 ಇದ್ದದ್ದು 39ರ ಆಸುಪಾಸಿಗೆ ಬರಲೇಬೇಕು. ಟ್ರ್ಯಾಕಿನಲ್ಲಿ ಮುಖ್ಯವಾಗುವುದು ಬಿಸಿಯಾದ ಟೈರಿನ ಒತ್ತಡ. ತಣ್ಣಗಿನ ಒತ್ತಡ ಅಲ್ಲಿಗೆ ತಲುಪಲು ಬೇಕಾದ ಆರಂಭ ಮಾತ್ರ. ಹಲವು ರಸ್ತೆ ಕಾರುಗಳಲ್ಲಿ ಬಿಸಿಯಾದಾಗ 34ರಿಂದ 38ರ ನಡುವೆ ಎಲ್ಲೋ ಒಂದು ಕಡೆ ಕಾರು ಸಮಾಧಾನದಿಂದ ನಡೆಯುತ್ತದೆ, ಹಗುರವಾದ ಕಾರುಗಳಿಗೆ ಇದಕ್ಕಿಂತ ಕಡಿಮೆಯೂ ಸಾಕು. ಟೈರಿನ ತಯಾರಕರು ಆ ಮಾದರಿಗೆ ಅಂಕಿ ಕೊಟ್ಟಿದ್ದರೆ ಅದೇ ಪ್ರಮಾಣ. ಪಿಟ್‌ಗೆ (ಟ್ರ್ಯಾಕಿನ ಪಕ್ಕದಲ್ಲಿ ಕಾರು ನಿಲ್ಲಿಸುವ ಜಾಗ) ಬಂದ ಕೂಡಲೇ ಅಳೆಯಿರಿ, ಹತ್ತು ನಿಮಿಷ ತಡವಾದರೆ ಆ ಅಳತೆಗೆ ಅರ್ಥವಿಲ್ಲ. ಎಡ ಮತ್ತು ಬಲ ಟೈರುಗಳು ಒಂದೇ ಪ್ರಮಾಣದಲ್ಲಿ ಕಾಯುವುದಿಲ್ಲವಾದ್ದರಿಂದ ನಾಲ್ಕನ್ನೂ ಬೇರೆ ಬೇರೆಯಾಗಿ ಬರೆದಿಟ್ಟುಕೊಳ್ಳಿ.

ಇಲ್ಲಿ ಅನೇಕರು ಮರೆಯುವ ಸಂಗತಿಯೊಂದಿದೆ. ಬಿಸಿಯಾಗಿರುವಾಗ 39ರಿಂದ 35ಕ್ಕೆ ಗಾಳಿ ಬಿಟ್ಟ ಟೈರು ಮತ್ತೆ 20 ಡಿಗ್ರಿಗೆ ತಣಿದಾಗ ಅದರಲ್ಲಿ ಉಳಿಯುವುದು 27ಕ್ಕೂ ತುಸು ಕಡಿಮೆ. ಅದೇ ಒತ್ತಡದಲ್ಲಿ ಹೆದ್ದಾರಿಗೆ ಇಳಿದರೆ ಪಕ್ಕದ ಗೋಡೆ ಅತಿಯಾಗಿ ಮಡಚಿಕೊಂಡು ಕಾಯುತ್ತದೆ, ನೀರಿನ ಮೇಲೆ ತೇಲುವುದೂ ಕಡಿಮೆ ವೇಗದಲ್ಲೇ ಶುರುವಾಗುತ್ತದೆ. ಸಣ್ಣ ಕಂಪ್ರೆಸರ್ ಒಂದು ಕಾರಿನಲ್ಲಿರಲಿ. ಟ್ರ್ಯಾಕ್ ಬಿಡುವ ಮೊದಲು, ಟೈರು ತಣಿದ ಮೇಲೆ, ರಸ್ತೆಯ ಒತ್ತಡಕ್ಕೆ ತುಂಬಿಸಿಕೊಳ್ಳಿ. ನೈಟ್ರೋಜನ್ ಬಗ್ಗೆಯೂ ಕೇಳಿದ್ದೀರಿ. ಅದರಿಂದ ಸಿಗುವ ಪ್ರಯೋಜನ ಹೆಚ್ಚಿನ ಮಟ್ಟಿಗೆ ಅದು ಒಣಗಿರುವುದರಿಂದಲೇ ಬರುತ್ತದೆ, ತೇವವಿಲ್ಲದ ಗಾಳಿಯೂ ಹಾಗೆಯೇ ವರ್ತಿಸುತ್ತದೆ.

ಪ್ರಶ್ನೆ: ಒಂದೇ ಟ್ರ್ಯಾಕ್ ದಿನದಲ್ಲಿ ಮುಂದಿನ ಟೈರುಗಳ ಹೊರ ಅಂಚು ಬೋಳಾಗಿಹೋಯಿತು, ಒಳಭಾಗ ಹೊಸದರಂತೆಯೇ ಇದೆ. ಟೈರು ಕಳಪೆಯೇ?

ಉತ್ತರ: ಟೈರನ್ನು ದೂರುವ ಮೊದಲು ವೀಲ್ ಅಲೈನ್‌ಮೆಂಟ್ ನೋಡಿ. ಮ್ಯಾಕ್‌ಫರ್ಸನ್ ಸ್ಟ್ರಟ್ ಎಂಬ ಬಗೆಯ ಸಸ್ಪೆನ್ಷನ್ ಇರುವ ಕಾರು ತಿರುವಿನಲ್ಲಿ ವಾಲಿದಾಗ ಹೊರಗಿನ ಚಕ್ರವೂ ಅದರೊಂದಿಗೆ ಹೊರಕ್ಕೆ ವಾಲಿ, ಭಾರವೆಲ್ಲ ಟೈರಿನ ಹೊರ ಭುಜದ ಮೇಲೆ ಬೀಳುತ್ತದೆ. ಇದನ್ನು ಸರಿದೂಗಿಸಲು ಚಕ್ರದ ತಲೆಯನ್ನು ಮೊದಲೇ ಸ್ವಲ್ಪ ಒಳಕ್ಕೆ ಬಾಗಿಸಿಡುತ್ತಾರೆ, ಇದೇ ನೆಗೆಟಿವ್ ಕ್ಯಾಂಬರ್. ಟ್ರ್ಯಾಕಿಗೆ ಎರಡರಿಂದ ಮೂರು ಡಿಗ್ರಿ ಸಾಮಾನ್ಯ. ರಸ್ತೆಗೂ ಬಳಸುವ ಕಾರಿಗೆ ಎರಡರ ಸಮೀಪ ಇಟ್ಟು, ಟೋ ಅನ್ನು, ಅಂದರೆ ಮೇಲಿನಿಂದ ನೋಡಿದಾಗ ಚಕ್ರದ ಮುಂಭಾಗ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನವನ್ನು, ಸೊನ್ನೆಯ ಹತ್ತಿರ ಇರಿಸಿದರೆ ಎರಡೂ ಕಡೆ ನಿಭಾಯಿಸಬಹುದು. ಕ್ಯಾಂಬರ್ ಹೆಚ್ಚಿಸಿದರೆ ರಸ್ತೆಯಲ್ಲಿ ಒಳ ಅಂಚು ಸವೆಯುತ್ತದೆಂಬ ಭಯ ಅರ್ಧ ಮಾತ್ರ ಸರಿ, ಏಕೆಂದರೆ ಒಳ ಅಂಚನ್ನು ನಿಜವಾಗಿ ತಿನ್ನುವುದು ಬಹುತೇಕ ತಪ್ಪಾದ ಟೋ. ಕ್ಯಾಂಬರ್ ಬದಲಿಸಿದಾಗ ಟೋ ಕೂಡ ತಾನಾಗಿಯೇ ಬದಲಾಗುತ್ತದೆ, ಅದನ್ನು ಮತ್ತೆ ಹೊಂದಿಸದೆ ಬಿಟ್ಟರೆ ದೂರು ಕ್ಯಾಂಬರಿನ ಮೇಲೆ ಬರುತ್ತದೆ.

ಅಂದಾಜಿಗಿಂತ ಅಳತೆ ಮೇಲು. ಚುಚ್ಚಿ ಅಳೆಯುವ ಉಷ್ಣಮಾಪಕದಿಂದ ಟ್ರೆಡ್ಡಿನ ಒಳ, ನಡು, ಹೊರ ಭಾಗಗಳ ಬಿಸಿಯನ್ನು ನೋಡಿ. ಒಳಭಾಗ ಹೊರಭಾಗಕ್ಕಿಂತ ಕೆಲವು ಡಿಗ್ರಿ ಹೆಚ್ಚಿದ್ದರೆ ಹೊಂದಾಣಿಕೆ ಸರಿಯಿದೆ. ಹೊರಭಾಗ ಹೆಚ್ಚಿದ್ದರೆ ಕ್ಯಾಂಬರ್ ಸಾಲದು. ನಡುಭಾಗ ಮಾತ್ರ ಕಾದಿದ್ದರೆ ಗಾಳಿ ಹೆಚ್ಚಾಗಿದೆ. ಈಗಾಗಲೇ ಸವೆದ ಟೈರುಗಳು ಒಂದೇ ದಿಕ್ಕಿಗೆ ತಿರುಗುವ ವಿನ್ಯಾಸದವಾಗಿದ್ದು, ನೂಲು ಕಾಣುವಷ್ಟು ಸವೆದಿಲ್ಲದಿದ್ದರೆ, ಅವನ್ನು ರಿಮ್ಮಿನಿಂದ ಬಿಚ್ಚಿ ಎಡದ್ದನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಹಾಕಿಸಿ; ಹೊರ ಭುಜ ಒಳಕ್ಕೆ ಬರುತ್ತದೆ, ತಿರುಗುವ ದಿಕ್ಕೂ ಕೆಡುವುದಿಲ್ಲ. ‘ಹೊರಬದಿ’ ಎಂದು ಗುರುತು ಹಾಕಿರುವ ಅಸಮ ವಿನ್ಯಾಸದ ಟೈರುಗಳಲ್ಲಿ ಈ ಉಪಾಯ ನಡೆಯದು.

ಪ್ರಶ್ನೆ: ಟೈರಿನ ಮೇಲಿರುವ ನಕ್ಷತ್ರದ ಗುರುತು ಏನು? ಗುರುತಿಲ್ಲದ ಅದೇ ಹೆಸರಿನ ಟೈರು ಸುಲಭವಾಗಿ ಸಿಗುತ್ತದೆ.

ಉತ್ತರ: ಅದು ಬಿಎಂಡಬ್ಲ್ಯೂ ಕಾರಿಗಾಗಿ ಒಪ್ಪಿಗೆ ಪಡೆದ ಟೈರೆಂಬ ಸೂಚನೆ. ಪೋರ್ಷೆಗೆ ಎನ್0, ಎನ್1 ಮುಂತಾದವು, ಮರ್ಸಿಡಿಸ್‌ಗೆ ಎಂಒ ಇರುವಂತೆ. ಹೆಸರು ಒಂದೇ ಆದರೂ ಒಳಗಿನ ರಚನೆ ಅಥವಾ ಮಿಶ್ರಣ ಬೇರೆ ಇರಬಹುದು. ಗುರುತಿಲ್ಲದ ನಾಲ್ಕನ್ನು ಹಾಕಿಸಿದರೆ ಅಂಥ ಅಪಾಯವಿಲ್ಲ; ಗುರುತಿರುವ ಎರಡು, ಇಲ್ಲದ ಎರಡು ಎಂದು ಬೆರೆಸುವುದು ಮಾತ್ರ ಬೇಡ.

ಪ್ರಶ್ನೆ: ಎರಡು ಟೈರುಗಳನ್ನಷ್ಟೇ ಬದಲಿಸುವ ಅನುಕೂಲವಿದೆ. ಮುಂದಕ್ಕೋ ಹಿಂದಕ್ಕೋ?

ಉತ್ತರ: ನಾಲ್ಕೂ ಚಕ್ರಗಳಿಗೆ ಒಂದೇ ಅಳತೆಯ ಟೈರುಗಳಿದ್ದರೆ ಹೊಸದು ಹಿಂದಕ್ಕೆ, ಕಾರು ಯಾವ ಚಕ್ರದಿಂದ ನಡೆಯುವುದಾದರೂ ಸರಿ. ಮುಂದಿನ ಚಕ್ರ ಜಾರಿದರೆ ಕಾರು ನೇರಕ್ಕೆ ಹೋಗುತ್ತದೆ, ವೇಗ ಇಳಿಸಿ ಸರಿಪಡಿಸಿಕೊಳ್ಳಲು ಅವಕಾಶವಿರುತ್ತದೆ. ಹಿಂದಿನದು ಜಾರಿದರೆ ಕಾರೇ ಗಿರ್ರನೆ ತಿರುಗುತ್ತದೆ. ನಾಲ್ಕೂ ಚಕ್ರಗಳ ಚಾಲನೆ ಇರುವ ಕಾರಿನಲ್ಲಿ ಹೊಸದು ಹಳೆಯದರ ನಡುವಿನ ವ್ಯಾಸದ ವ್ಯತ್ಯಾಸ ಡಿಫರೆನ್ಷಿಯಲ್‌ಗೆ (ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರುಗಳು) ಹೊರೆಯಾಗುವುದರಿಂದ ತಯಾರಕರ ಮಿತಿಯನ್ನು ಮೊದಲು ನೋಡಬೇಕು. ಟ್ರ್ಯಾಕಿಗೆ ಹೋಗುವ ಕಾರಿಗಂತೂ ಮುಂದೆ ಒಂದು ಗುಂಪಿನದು, ಹಿಂದೆ ಇನ್ನೊಂದು ಗುಂಪಿನದು ಎಂಬ ಜೋಡಣೆಯನ್ನು ನಾನು ಒಪ್ಪಲಾರೆ.

ಪ್ರಶ್ನೆ: ಬಳಸದೇ ಇಟ್ಟಿದ್ದ ಸೆಮಿ-ಸ್ಲಿಕ್ ಸೆಟ್ ಒಂದು ರಿಯಾಯಿತಿಯಲ್ಲಿ ಸಿಗುತ್ತಿದೆ. ಒಂದರಲ್ಲಿ ಮಾತ್ರ ಪಂಕ್ಚರ್ ಹಾಕಿದ್ದಾರಂತೆ. ಕೊಳ್ಳಬಹುದೇ?

ಉತ್ತರ: ಬಳಸದ ಟೈರಿಗೆ ಪಂಕ್ಚರ್ ಹೇಗೆ ಆಯಿತೆಂದು ಮಾರುವವರನ್ನು ಮೊದಲು ಕೇಳಿ. ಪಕ್ಕದ ಗೋಡೆಯ ಮೇಲೆ ಡಾಟ್ ಎಂಬ ಸಂಕೇತದ ಕೊನೆಯಲ್ಲಿರುವ ನಾಲ್ಕು ಅಂಕಿಗಳು ತಯಾರಾದ ವಾರವನ್ನೂ ವರ್ಷವನ್ನೂ ಹೇಳುತ್ತವೆ. 3522 ಎಂದಿದ್ದರೆ 2022ರ 35ನೆಯ ವಾರ. ನಾಲ್ಕೂ ಟೈರುಗಳಲ್ಲಿ ಒಂದೇ ಕಾಲದ ಅಂಕಿ ಇದೆಯೇ ಎಂದು ನೋಡಿ. ಹತ್ತು ವರ್ಷ ದಾಟಿದ್ದನ್ನು ಟ್ರೆಡ್ ಎಷ್ಟೇ ಉಳಿದಿದ್ದರೂ ಬಳಸಬಾರದೆಂದು ಹಲವು ತಯಾರಕರು ಹೇಳುತ್ತಾರೆ. ಟ್ರ್ಯಾಕ್ ಟೈರಿನ ವಿಷಯದಲ್ಲಿ ನಾನು ಅದರ ಅರ್ಧಕ್ಕೇ ನಿಲ್ಲುತ್ತೇನೆ, ಏಕೆಂದರೆ ಕಾದು ತಣಿಯುವ ಪ್ರತಿ ಸಲವೂ ಆ ರಬ್ಬರು ಗಟ್ಟಿಯಾಗುತ್ತಾ ಹೋಗುತ್ತದೆ, ಹಿಂದಿನ ಮಾಲೀಕರು ಅದನ್ನು ಎಷ್ಟು ಸಲ ಕಾಯಿಸಿದ್ದಾರೆಂಬುದು ಕಣ್ಣಿಗೆ ಕಾಣುವುದಿಲ್ಲ. ಪಂಕ್ಚರ್ ಹಾಕಿದ ಟೈರನ್ನು, ತೂತು ಟ್ರೆಡ್ಡಿನ ನಡುವೆಯೇ ಇದ್ದರೂ, ಟ್ರ್ಯಾಕಿಗೆ ಒಯ್ಯಬೇಡಿ.